ಗೋಡೆಗೆ ಮುಖ ಮಾಡಿದ ಕಲ್ಲು

ಸತ್ತವರಿಗೆ ಬಾಯಿ ಕೊಡುವ ಕೆಲಸ ಶುರುವಾದದ್ದು ಲೈಬ್ರರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಬದುಕಿರುವವರ ಬಾಯಿ ಮುಚ್ಚಿಸುವುದೇ ಕಷ್ಟವಾಗಿರುವ ಊರಿನಲ್ಲಿ ಇದೊಂದು ಬಾಕಿ ಇತ್ತು ನೋಡಿ. ಲೈಬ್ರರಿ ಮೇಡಂ ಉದ್ದನೆಯ ಮೇಜಿನ ಮೇಲೆ ಸ್ಮಶಾನದ ನಕ್ಷೆ ಹರಡಿ, ಏಳು ಕಡೆ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದ್ದರು. ಬರುವ ತಿಂಗಳ ಮೊದಲ ಭಾನುವಾರ ಊರಿನವರೆಲ್ಲ ಸ್ಮಶಾನದ ಗೇಟಿನಲ್ಲಿ ಸೇರಿ ಒಂದೊಂದೇ ಸಮಾಧಿ ನೋಡುತ್ತ ನಡೆಯಬೇಕು. ಆ ಏಳು ಸಮಾಧಿಗಳ ಪಕ್ಕದಲ್ಲಿ ಏಳು ಜನ ಹಳೇ ಕಾಲದ ಉಡುಪು ತೊಟ್ಟು ನಿಂತಿರಬೇಕು. 'ಇಲ್ಲಿ ಮಲಗಿರುವುದು ನಾನೇ' ಎಂದು ಮೂರು ಮೂರು ನಿಮಿಷ ತಮ್ಮ ಕಥೆ ತಾವೇ ಹೇಳಬೇಕು. ಇದು ಮೇಡಂ ಅವರ ಯೋಜನೆ. ಇನ್ನೂರು ವರ್ಷದ ಸ್ಮಶಾನ, ಸುಮ್ಮನೆ ಹುಲ್ಲು ಬೆಳೆಸಿಕೊಂಡು ಬಿದ್ದಿದೆಯಲ್ಲ ಎಂಬ ಸಂಕಟ ಅವರಿಗೆ.

ಔಷಧಿ ಅಂಗಡಿಯವನಿಗೆ ಊರಿನ ಮೊದಲ ಶಾಲೆ ತೆರೆದ ಮೇಷ್ಟರ ಪಾತ್ರ ಸಿಕ್ಕಿತು. ಹೊಳೆ ದಾಟಿಸುತ್ತಿದ್ದ ದೋಣಿಯವನ ಪಾತ್ರ ಬಸ್ಸಿನ ಕಂಡಕ್ಟರನಿಗೆ. ಹೀಗೇ ಆರು ಜನ ಸತ್ತವರು ಆರು ಜನ ಬದುಕಿದವರಿಗೆ ಹಂಚಿಹೋದರು.

"ಇನ್ನು ಏಳನೆಯದು," ಎಂದು ಮೇಡಂ ನಕ್ಷೆಯ ಮೂಲೆಯ ಸೊನ್ನೆಯ ಮೇಲೆ ಬೆರಳಿಟ್ಟರು. "ನಮ್ಮ ಗೋಡೆಮುಖದವಳು!"

ಇಡೀ ಕೋಣೆ ಗೊಳ್ಳೆಂದಿತು. ನಾನು ಮಾಡ್ತೀನಿ, ನಾನು ಮಾಡ್ತೀನಿ ಎಂದು ನಾಲ್ಕು ಕೈ ಮೇಲೆದ್ದವು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳ ಕೈ ಎಲ್ಲಕ್ಕಿಂತ ಮೊದಲು ಎದ್ದಿತ್ತು, ಪಾತ್ರ ಅವಳಿಗೇ ಹೋಯಿತು. ಅವಳು ಖುಷಿಯಿಂದ ಹಿಂದೆ ತಿರುಗಿ ಮೂಲೆಯ ಕುರ್ಚಿಯ ಕಡೆ ನೋಡಿದಳು. ಅಲ್ಲಿ ಅವಳ ಮಾವ ಕೂತಿದ್ದ. ಊರಿಗೆಲ್ಲ ಅವನು ಉಳಿಯಜ್ಜ. ಮೂರು ತಲೆಮಾರಿನಿಂದ ಆ ಸ್ಮಶಾನದ ಕಲ್ಲುಗಳನ್ನು ಕೆತ್ತಿ ನಿಲ್ಲಿಸುತ್ತ ಬಂದ ಮನೆಯ ಕೊನೆಯ ಕಲ್ಲುಕುಟಿಗ. ಗೇಟಿನಲ್ಲಿ ನಿಂತು ಕಲ್ಲಿನ ಕೆಲಸದ ಬಗ್ಗೆ ನಾಲ್ಕು ಮಾತು ಆಡಲಿ ಎಂದು ಅವನನ್ನೂ ಕರೆಸಿದ್ದರು. ಸೊಸೆ ನೋಡುವ ಹೊತ್ತಿಗೆ ಅಜ್ಜನ ಚಹಾ ಗಂಟಲಿಗೆ ಹೋಗುವ ಬದಲು ಮೂಗಿಗೆ ಹತ್ತಿತ್ತು.

"ನಿಧಾನ ಮಾವ, ನಿಧಾನ," ಎಂದು ಅವಳು ಬಂದು ಬೆನ್ನು ತಟ್ಟಿದಳು. ಆ ಕೈ ಬೆನ್ನಿಗೆ ತಾಗಿದಷ್ಟೂ ಅಜ್ಜನಿಗೆ ಕೆಮ್ಮು ಹೆಚ್ಚಾಯಿತು.

ಗೋಡೆಮುಖದವಳು ಯಾರೆಂದು ಹೇಳಿಬಿಡುತ್ತೇನೆ. ಆ ಸ್ಮಶಾನದಲ್ಲಿ ಸಣ್ಣದು ದೊಡ್ಡದು ಸೇರಿ ಆರುನೂರು ಕಲ್ಲುಗಳಿವೆ. ಎಲ್ಲಕ್ಕೂ ಮುಖ ಕಾಲುದಾರಿಯ ಕಡೆ, ನಡೆದು ಬಂದವರು ಹೆಸರು ಓದಲಿ ಎಂದು. ಆದರೆ ತೀರಾ ಹಿಂದಿನ ಮೂಲೆಯಲ್ಲಿ ಸೊಂಟದೆತ್ತರದ ಒಂದು ಕಲ್ಲು ಜನರಿಗೆ ಬೆನ್ನು ಹಾಕಿ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತಿದೆ. ಗೋಡೆಗೂ ಕಲ್ಲಿಗೂ ನಡುವೆ ಒಂದು ಗೇಣು ಸಂದು. ಅದರೊಳಗೆ ಪಾಚಿ, ಬಳ್ಳಿ, ಹಲ್ಲಿ. ಒಳಗೆ ಏನು ಬರೆದಿದೆಯೆಂದು ಕಂಡವರಿಲ್ಲ. ಕಾಣದಿದ್ದರೇನು, ಕಥೆ ಎಲ್ಲರಿಗೂ ಗೊತ್ತು. ಅವಳು ಸೂಲಗಿತ್ತಿಯಂತೆ. ಸಾಹುಕಾರರ ಮನೆಯಿಂದ ಎರಡು ಚಿನ್ನದ ಬಳೆ ತೆಗೆದುಕೊಂಡು, ಅವರ ರೋಗಿಷ್ಟ ಮಗುವನ್ನು ಬಡವರ ಮನೆಯ ಗಟ್ಟಿಮುಟ್ಟಾದ ಮಗುವಿನೊಂದಿಗೆ ಅದಲುಬದಲು ಮಾಡಿದಳಂತೆ. ಸತ್ತಾಗ ಹಿರಿಯರೆಲ್ಲ ಸೇರಿ, ಇವಳಿಗೆ ಜನರಿಗೆ ಮುಖ ತೋರಿಸುವ ಯೋಗ್ಯತೆಯಿಲ್ಲ ಎಂದು ಕಲ್ಲನ್ನೇ ತಿರುಗಿಸಿ ನಿಲ್ಲಿಸಿದರಂತೆ. ಹಟ ಮಾಡುವ ಮಕ್ಕಳಿಗೆ ತಾಯಂದಿರು ಇಂದಿಗೂ 'ಗೋಡೆಮುಖದವಳು ಬಂದು ನಿನ್ನನ್ನ ಬದಲಾಯಿಸ್ಕೊಂಡು ಹೋಗ್ತಾಳೆ ನೋಡು' ಎನ್ನುತ್ತಾರೆ. ಅಂತೆಕಂತೆಯೇ ಎಲ್ಲ, ಆದರೆ ಎಂಥ ರುಚಿಯಾದ ಅಂತೆಕಂತೆ!

ಸೊಸೆ ಪಾತ್ರವನ್ನು ಮೈಮೇಲೆ ಹಾಕಿಕೊಂಡುಬಿಟ್ಟಳು. ಅಂಚೆ ಕಚೇರಿಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದು, ತಲೆಗೊಂದು ಬಟ್ಟೆ ಬಿಗಿದು, ಒಲೆಯ ಮುಂದೆ ನಿಂತು ಶುರು ಮಾಡುತ್ತಿದ್ದಳು. ಅಜ್ಜ ಅಡುಗೆಮನೆಯ ಮೇಜಿನಲ್ಲಿ ಅವರೆಕಾಳು ಸುಲಿಯುತ್ತ ಕೇಳಬೇಕು.

"'ಇದೇ ಕೈ! ಇದೇ ಕೈಯಲ್ಲಿ ಎತ್ತಿಕೊಂಡೆ ಒಂದನ್ನ, ಇದೇ ಕೈಯಲ್ಲಿ ಇಟ್ಟೆ ಇನ್ನೊಂದನ್ನ!'" ಎಂದು ಸೌಟು ಎತ್ತಿ ಕೂಗಿ, ದನಿ ಇಳಿಸಿ, "'ಕೊನೆಗೆ ಏನಾಯ್ತು? ಜನಕ್ಕೆ ಮುಖ ತೋರಿಸೋ ಹಾಗಿರಲಿಲ್ಲ ನಾನು. ಅದಕ್ಕೇ ತಿರುಗಿಸಿ ನಿಲ್ಲಿಸಿದ್ರು.' ಹೇಗಿದೆ ಮಾವ?"

"ಒಲೆ ಮೇಲೆ ಹಾಲು ಉಕ್ತಾ ಇದೆ," ಎಂದ ಅಜ್ಜ.

"ಅಯ್ಯೋ!" ಎಂದು ಅವಳು ಒಲೆ ಆರಿಸಿದಳು. "ಚೆನ್ನಾಗಿಲ್ವಾ? ಕೊನೇ ಮಾತು ಮೇಡಂ ಬರೆದಿದ್ದಲ್ಲ, ಊರಲ್ಲಿ ಎಲ್ರೂ ಹೇಳೋದೇ ಹಾಗೆ. ಎಷ್ಟು ಹಳೇ ಮಾತೋ ಏನೋ."

ಎಷ್ಟು ಹಳೆಯದೆಂದು ಅಜ್ಜನಿಗೆ ಗೊತ್ತಿತ್ತು. ನಲವತ್ತೈದು ವರ್ಷ ಹಳೆಯದು. ಆ ಮಾತನ್ನು ಮೊದಲು ಆಡಿದ್ದು ಅವನೇ.

ಅದಕ್ಕೂ ಒಂದು ವರ್ಷ ಹಿಂದೆ, ಒಂದು ವಾರ ಬಿಡದೆ ಸುರಿದ ಮಳೆಗೆ ಸ್ಮಶಾನದ ಹಿಂದಿನ ಗೋಡೆ ಕುಸಿದು ಹನ್ನೊಂದು ಕಲ್ಲುಗಳು ಮಕಾಡೆ ಮಲಗಿದ್ದವು. ಅವನಿಗೆ ಆಗ ಇಪ್ಪತ್ತನಾಲ್ಕು. ಅಪ್ಪ ಹಾಸಿಗೆ ಹಿಡಿದಿದ್ದ. ಒಬ್ಬನೇ ನಿಂತು ಮಾಡಿದ ಮೊದಲ ಕೆಲಸ ಅದು. ಒಳಗಿನ ದಾರಿಯೆಲ್ಲ ಕೆಸರು, ಕಾಲಿಟ್ಟರೆ ಮೊಣಕಾಲುದ್ದ. ಗೋಡೆ ಹೇಗೂ ಬಿದ್ದಿತ್ತಲ್ಲ, ಆಚೆ ಓಣಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಆ ಕಡೆಯಿಂದಲೇ ಕೆಲಸ ಮಾಡಿದ. ಹತ್ತು ಕಲ್ಲನ್ನು ಸರಿಯಾಗಿಯೇ ನಿಲ್ಲಿಸಿದ, ಪ್ರತಿ ಸಲವೂ ಮುಖ ಆ ಕಡೆ, ಮುಖ ಆ ಕಡೆ ಎಂದು ತನಗೆ ತಾನೇ ಹೇಳಿಕೊಂಡು. ಹನ್ನೊಂದನೆಯದಕ್ಕೆ ಬರುವಾಗ ಸಂಜೆಯಾಗಿತ್ತು. ಜೇಬಿನಲ್ಲಿ ಸಿನಿಮಾದ ಎರಡು ಟಿಕೆಟ್ ಇದ್ದವು, ಟಾಕೀಸಿನ ಬಾಗಿಲಲ್ಲಿ ಒಬ್ಬಳು ಕಾಯುತ್ತಿದ್ದಳು. ಕಲ್ಲನ್ನು ತಳಗಲ್ಲಿನ ಕುಳಿಗೆ ಇಳಿಸಿದ, ದಾರಕ್ಕೆ ಕಟ್ಟಿದ ಗುಂಡು ತೂಗಿಬಿಟ್ಟು ನೇರ ನಿಂತಿದೆಯೇ ನೋಡಿದ, ಸುತ್ತ ಸಿಮೆಂಟು ತುಂಬಿದ. ಅಕ್ಷರಗಳು ಅವನನ್ನೇ ನೋಡುತ್ತಿದ್ದವು. ಸರಿಯಾಗಿದೆ ಅನ್ನಿಸಿತು. ಕೈ ತೊಳೆದುಕೊಂಡು ಓಡಿದ.

ಬೆಳಿಗ್ಗೆ ಬಂದು ದಾರಿಯ ಕಡೆಯಿಂದ ನೋಡಿದರೆ ಹತ್ತು ಕಲ್ಲಿನ ಮುಖ ಕಂಡಿತು, ಹನ್ನೊಂದನೆಯದರ ಬೆನ್ನು. ಸಿಮೆಂಟು ಗಟ್ಟಿಯಾಗಿತ್ತು. ಒಡೆಯಲು ಹೋದರೆ ಹಳೇ ಕಲ್ಲು, ಬಿರುಕು ಬಿಟ್ಟರೆ? ಅಪ್ಪನಿಗೆ ಗೊತ್ತಾದರೆ? ಆ ಸಂಜೆ ಅಪ್ಪ ಹಾಸಿಗೆಯಿಂದಲೇ ಕೇಳಿದ್ದ, "ಎಲ್ಲಾ ದಾರಿಗೆ ಮುಖ ಮಾಡಿ ನಿಂತಿದ್ದಾವೇನೋ?" "ಹೂಂ ಅಪ್ಪ." ಮೂರು ವಾರಕ್ಕೆ ಅಪ್ಪ ತೀರಿಕೊಂಡ. ಅಷ್ಟರಲ್ಲಿ ಗಾರೆಯವರು ಬಂದು ಗೋಡೆ ಎಬ್ಬಿಸಿದರು, ಅಕ್ಷರಗಳು ಮುಚ್ಚಿಹೋದವು. ಇವತ್ತಲ್ಲ ನಾಳೆ ಸರಿಮಾಡೋಣ ಅಂದುಕೊಂಡ. ಅವನ ನಾಳೆಗೆ ಆಯುಸ್ಸು ಜಾಸ್ತಿ!

ವರ್ಷ ಕಳೆದ ಮೇಲೆ ಚಹಾದಂಗಡಿಯಲ್ಲಿ ಯಾರೋ ಕೇಳಿದರು, "ಅಲ್ಲಯ್ಯಾ, ಆ ಮೂಲೇ ಕಲ್ಲು ಯಾಕೆ ಹಾಗೆ ತಿರುಗಿ ನಿಂತಿದೆ?" ಬೆಂಚಿನ ತುಂಬ ಜನ, ಹಿಂದೆ ಪೊದೆ ಮುಚ್ಚಿದ್ದ ಆ ಮೂಲೆಯಲ್ಲಿ ಕಲ್ಲು ಮೊದಲು ಹೇಗೆ ನಿಂತಿತ್ತೆಂಬ ನೆನಪು ಒಬ್ಬರಿಗೂ ಇಲ್ಲ. ಆಗ ತಾನೇ ಅವನ ಕೆಲಸಕ್ಕೆ ಒಂದಿಷ್ಟು ಹೆಸರು ಬರುತ್ತಿತ್ತು. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ತನಗೂ ಅದಕ್ಕೂ ಸಂಬಂಧವೇ ಇಲ್ಲದವನ ಹಾಗೆ ಹೇಳಿದ: "ಜನಕ್ಕೆ ಮುಖ ತೋರಿಸೋ ಹಾಗಿರಲಿಲ್ಲವೇನೋ. ಹಿರಿಯರು ತಿರುಗಿಸಿ ನಿಲ್ಲಿಸಿರಬೇಕು."

ಅಷ್ಟೇ. ಒಂದು ಬಿಸ್ಕತ್ತು ನೆನೆಯುವಷ್ಟು ಹೊತ್ತು. ಬಳೆ, ಸಾಹುಕಾರ, ಮಗು, ಇವೆಲ್ಲ ಆಮೇಲೆ ಊರಿನವರು ತಮ್ಮ ತಮ್ಮ ಕೈಯಿಂದ ಹಾಕಿದ್ದು. ಆ ಮಾತಿಗೆ ರೆಕ್ಕೆಪುಕ್ಕ ಬೆಳೆಯುವುದನ್ನು ಅವನು ಬಾಯಿಗೆ ಬೀಗ ಹಾಕಿಕೊಂಡು ನೋಡಿದ. ಟಾಕೀಸಿನ ಬಾಗಿಲಲ್ಲಿ ಕಾದವಳನ್ನೇ ಮದುವೆಯಾದ, ಮೂವತ್ತೆಂಟು ವರ್ಷ ಸಂಸಾರ ಮಾಡಿದ, ಅವಳನ್ನು ಅದೇ ಸ್ಮಶಾನದಲ್ಲಿ ಮಲಗಿಸಿ ತಾನೇ ಕಲ್ಲು ಕೆತ್ತಿದ. ಅವಳಿಗೂ ಹೇಳಲಿಲ್ಲ. ಆ ದಿನ ನೋಡಿದ ಸಿನಿಮಾ ಯಾವುದೆಂಬುದೂ ಈಗ ನೆನಪಿಲ್ಲ.

ಇನ್ನೂ ಒಂದು ಇದೆ. ಅದನ್ನು ಅಜ್ಜ ತನ್ನ ಮನಸ್ಸಿನಲ್ಲಿಯೂ ಪೂರ್ತಿ ಹೇಳಿಕೊಳ್ಳುತ್ತಿರಲಿಲ್ಲ. ಆ ಕಲ್ಲಿನ ಕೆಳಗೆ ಮಲಗಿದವಳಿಗೆ ಒಬ್ಬ ಮಗಳಿದ್ದಳು. ಹೊಸ ಗೋಡೆ ಎದ್ದ ಮೇಲೆ ಒಂದು ದಿನ ಅವಳು ಅವನ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ್ದಳು, "ನಮ್ಮಮ್ಮನ ಕಲ್ಲು ಯಾಕಪ್ಪ ಆ ಕಡೆ ತಿರುಗಿದೆ?" ಅವನು ಉಳಿ ಕೆಳಗಿಡದೆ ಹೇಳಿದ್ದ, "ಕಮಿಟಿಯವರು ಹೇಳಿದ್ದಮ್ಮ. ನಾನು ಕೆಲಸದವನು." ಅವಳು ಮತ್ತೇನೂ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು.

ರಿಹರ್ಸಲ್ಲಿನ ದಿನ ಸಮಾಧಿಗಳ ನಡುವೆ ಸಂತೆಯಂಥ ಗದ್ದಲ. ದೋಣಿಯವನು ಬೀಸಿದ ಹುಟ್ಟುಗೋಲು ಮೇಷ್ಟರ ಟೋಪಿ ಹಾರಿಸಿತು, ಟೋಪಿ ಚರಂಡಿ ಸೇರಿತು. ಸೊಸೆ ತಲೆವಸ್ತ್ರ ಕಟ್ಟಿಕೊಂಡು ಮೂಲೆಯ ಕಲ್ಲಿನ ಪಕ್ಕ ನಿಂತು 'ಇದೇ ಕೈ' ಎನ್ನುವಷ್ಟರಲ್ಲಿ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಬರುತ್ತಿರುವುದು ಕಾಣಿಸಿತು. ಅರವತ್ತರ ವಯಸ್ಸು, ಕುತ್ತಿಗೆಗೆ ಅಳತೆಯ ಟೇಪು ಹಾಗೇ ನೇತಾಡುತ್ತಿದೆ. ಪೇಟೆಬೀದಿಯಲ್ಲಿ ದಾರ, ಸೂಜಿ, ಬಟನ್ ಮಾರುವ ಬಟನ್ ಅಕ್ಕ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದವಳ ಮಗಳು, ಕಲ್ಲಿನ ಕೆಳಗಿರುವವಳ ಮೊಮ್ಮಗಳು. ಅವಳು ಸ್ಮಶಾನಕ್ಕೆ ಕಾಲಿಟ್ಟದ್ದನ್ನು ಊರು ಕಂಡಿರಲಿಲ್ಲ.

"ಮೇಡಂ, ಒಂದು ಮಾತು," ಎಂದಳು. "ನಮ್ಮಜ್ಜೀನ ಬಿಟ್ಟುಬಿಡಿ. ಬೇರೆ ಆರು ಜನ ಇದ್ದಾರಲ್ಲ."

ಮೇಡಂ ಕೆಟ್ಟವರಲ್ಲ. ಅವಳ ಕೈ ಹಿಡಿದುಕೊಂಡೇ ಹೇಳಿದರು, "ಬೇಜಾರು ಮಾಡ್ಕೋಬೇಡಿ ಅಕ್ಕ. ಅವಮಾನ ಮಾಡೋಕಲ್ಲ ಇದು. ಜನ ಬರೋದೇ ಈ ಕಥೆ ಕೇಳೋಕೆ. ಎಷ್ಟೋ ವರ್ಷದಿಂದ ಊರ ಬಾಯಲ್ಲಿ ಉಳಿದು ಬಂದಿದೆ, ಅದೂ ಒಂದು ಚರಿತ್ರೆನೇ ಅಲ್ವಾ?"

"ಸುಳ್ಳು ಉಳಿದು ಬಂದ್ರೂ ಚರಿತ್ರೆನಾ?"

"ಸುಳ್ಳು ಅನ್ನೋಕೆ ಏನಾದ್ರೂ ಆಧಾರ ಇದೆಯಾ? ದಾಖಲೆ ಪುಸ್ತಕದಲ್ಲಿ ಆ ವರ್ಷದ ಹಾಳೆಗಳೇ ಇಲ್ಲ. ಕಲ್ಲು ನೋಡಿದ್ರೆ ತಿರುಗಿ ನಿಂತಿದೆ. ಕಲ್ಲು ಸುಳ್ಳು ಹೇಳುತ್ತಾ?"

"ಕಲ್ಲಿನ ಮೇಲೆ ಒಳ್ಳೇ ಮಾತು ಬರೆದಿತ್ತು ಅಂತ ಅಮ್ಮ ಹೇಳ್ತಿದ್ಲು. ಏನು ಅಂತ ಕೇಳಿದ್ರೆ ಅಳ್ತಿದ್ಲು, ಹೇಳ್ತಿರಲಿಲ್ಲ." ಬಟನ್ ಅಕ್ಕ ಸುತ್ತ ನೋಡಿದಳು. ಅವಳ ಕಣ್ಣು ಅಜ್ಜನ ಮೇಲೆ ನಿಂತಿತು. "ಅಣ್ಣಾ, ಈ ಕಲ್ಲುಗಳನ್ನೆಲ್ಲ ನಿಮ್ಮಷ್ಟು ಬಲ್ಲವರು ಯಾರಿದ್ದಾರೆ. ನೀವಾದ್ರೂ ಹೇಳಿ."

ಎಲ್ಲರೂ ಅಜ್ಜನನ್ನು ನೋಡಿದರು. ಬಾಯಿ ತೆರೆದರೆ ಸಾಕಿತ್ತು, ನಿಜ ಹೇಳಲು ಅಷ್ಟು ಸಲೀಸಾಗಿ ಯಾರೂ ಯಾರಿಗೂ ಬಾಗಿಲು ತೆರೆದುಕೊಡುವುದಿಲ್ಲ.  ಕಿವಿಯೆರಡೂ ಕೆಂಡದ ಹಾಗೆ ಕಾದವು. ಸೊಸೆ ಪಕ್ಕದಲ್ಲೇ ನಿಂತಿದ್ದಳು, ಔಷಧಿ ಅಂಗಡಿಯವನು ಒದ್ದೆ ಟೋಪಿ ಹಿಡಿದು ನಿಂತಿದ್ದ, ಇಷ್ಟು ವರ್ಷ ನಮಸ್ಕಾರ ಹಾಕಿದ ಊರು ನಿಂತಿತ್ತು.

"ನನಗೇನು ಗೊತ್ತಮ್ಮ," ಎಂದ. "ನನ್ನ ಕಾಲಕ್ಕಿಂತ ಹಿಂದಿನದು."

ಬಟನ್ ಅಕ್ಕ ತಲೆಯಾಡಿಸಿ ಬಂದ ದಾರಿಯಲ್ಲೇ ಹಿಂದಿರುಗಿದಳು, ಅವಳ ಅಮ್ಮ ಹೋದ ಹಾಗೆಯೇ. ನೆಲ ಬಾಯಿಬಿಡಬಾರದೇ ಎಂದು ಜನ ಹೇಳುವುದನ್ನು ಅಜ್ಜ ಕೇಳಿದ್ದ. ಸ್ಮಶಾನದ ನೆಲವಾದರೂ ಬಾಯಿಬಿಡಬಾರದಿತ್ತೇ!

ಎರಡು ದಿನ ಅವನಿಗೆ ತಿಂದದ್ದು ಮಣ್ಣು ತಿಂದ ಹಾಗಾಯಿತು. ಮೂರನೆಯ ದಿನ ಕೋಟಿನ ಒಂದು ಬಟನ್ನನ್ನು ತಾನೇ ಕಿತ್ತುಹಾಕಿ, ಅದನ್ನೇ ನೆಪ ಮಾಡಿಕೊಂಡು ಪೇಟೆಬೀದಿಗೆ ಹೋದ. ನೋಡಿ, ಎಪ್ಪತ್ತು ವರ್ಷದ ಮುದುಕ, ನಿಜ ಹೇಳಲು ಹೊರಟವನು, ಅದಕ್ಕೂ ಒಂದು ಸುಳ್ಳು ಬಟನ್!

ಅಂಗಡಿ ಅಷ್ಟಗಲ ಇಷ್ಟುದ್ದ, ಗೋಡೆಯ ತುಂಬ ಗಾಜಿನ ಭರಣಿಗಳು, ಅವುಗಳಲ್ಲಿ ಬಣ್ಣಬಣ್ಣದ ಬಟನ್. ಅಕ್ಕ ಕೋಟನ್ನು ಕೈಗೆ ತೆಗೆದುಕೊಂಡು, ಮೂರು ಭರಣಿ ಕೆಳಗಿಳಿಸಿ, ಸರಿಯಾದ ಜೊತೆ ಸಿಗುವವರೆಗೂ ಬಿಡಲಿಲ್ಲ. ಆಮೇಲೆ ದಾರ ಪೋಣಿಸಿ ತಾನೇ ಹೊಲಿಯತೊಡಗಿದಳು.

"ಮೊನ್ನೆ ನಿಮ್ಮನ್ನ ಎಲ್ಲರ ಮುಂದೆ ಕೇಳಬಾರದಿತ್ತು ಅಣ್ಣ, ತಪ್ಪು ತಿಳ್ಕೋಬೇಡಿ," ಎಂದಳು ತಲೆಯೆತ್ತದೆ. "ನಿಮಗೇನು ಗೊತ್ತಿರುತ್ತೆ ಪಾಪ."

ಅಜ್ಜ ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

"ಸ್ಕೂಲಲ್ಲಿ ನನ್ನ ಡೆಸ್ಕನ್ನ ಗೋಡೆ ಕಡೆ ತಿರುಗಿಸಿ ಇಡ್ತಿದ್ರು," ಎಂದಳು ಅವಳು, ಯಾರದೋ ವಿಷಯ ಹೇಳುವ ಹಾಗೆ. "ಅದೇನು ಬಿಡಿ, ಮಕ್ಕಳಾಟ. ನರ್ಸ್ ಆಗಬೇಕು ಅಂತ ಇತ್ತು ನನಗೆ, ಅಜ್ಜಿ ಹಾಗೆ. ಟ್ರೇನಿಂಗೂ ಮುಗಿಸಿದೆ. ಇಲ್ಲೇ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿಗೆ ಹಾಕಿದ್ರು. ಹನ್ನೊಂದು ದಿನ ಮಾಡಿದೆ. ಬಾಣಂತಿಯರು ಮಗು ಕೊಡ್ತಿರಲಿಲ್ಲ ಅಣ್ಣ. 'ಆ ಕೈಗೆ ಬೇಡ' ಅಂತ ಸೆರಗಲ್ಲಿ ಮುಚ್ಚಿಟ್ಕೊಳ್ತಿದ್ರು. ಒಬ್ಬಳಂತೂ ಮಗು ಕಾಲಿಗೆ ಕರಿ ದಾರ ಕಟ್ಟಿದ್ಲು, ಗುರುತಿಗೆ. ನಾನೇ ಬಿಟ್ಟುಬಂದೆ." ಹಲ್ಲಿನಿಂದ ದಾರ ಕಡಿದಳು. "ತಗೊಳ್ಳಿ. ಇನ್ನು ಹತ್ತು ವರ್ಷ ಬೀಳಲ್ಲ."

"ಎಷ್ಟಾಯ್ತು?" ಎಂದ ಅಜ್ಜ. ಬೇರೇನೋ ಹೇಳಲೆಂದು ಬಾಯಿ ತೆರೆದಿದ್ದ, ಬಂದದ್ದು ಇದು.

"ಒಂದು ಬಟನ್‌ಗೆ ಏನು ತಗೊಳ್ಳೋದು, ಹೋಗಿ ಅಣ್ಣ."

ಬೀದಿಗೆ ಬಂದು ಅಜ್ಜ ತನ್ನನ್ನು ತಾನೇ ಉಗಿದುಕೊಂಡ. ಥೂ ನಿನ್ನ ಜನ್ಮಕ್ಕಿಷ್ಟು! ತಾಯಿಗೆ ಸುಳ್ಳು ಹೇಳಿದೆ, ಮಗಳಿಗೆ ಸುಳ್ಳು ಹೇಳಿದೆ, ಈಗ ಅವಳ ಕೈಯಲ್ಲೇ ಬಟನ್ ಹಾಕಿಸಿಕೊಂಡು ಬಂದೆಯಲ್ಲೋ. ಆ ಬಟನ್ ಎದೆಯ ಮೇಲೆ ಕೂತು ಮನೆ ಮುಟ್ಟುವವರೆಗೂ ಅವನನ್ನು ಸುಟ್ಟಿತು. ಕೋಟು ಬಿಚ್ಚಿಟ್ಟರೂ ಉರಿ ಹೋಗಲಿಲ್ಲ.

ಭಾನುವಾರ ಬಂತು. ಜನ ಐವತ್ತು ಬಂದರೆ ಹೆಚ್ಚು ಅಂದುಕೊಂಡಿದ್ದರು, ಇನ್ನೂರು ದಾಟಿದರು. ಅಜ್ಜ ಗೇಟಿನಲ್ಲಿ ಕಲ್ಲಿನ ಬಗ್ಗೆ ಏನು ಮಾತಾಡಿದನೋ ಅವನಿಗೇ ತಿಳಿಯದು. ಅವನ ಕಾಲ ಬಳಿ ಕ್ಯಾನ್ವಾಸ್ ಚೀಲವಿತ್ತು, ಅದರಲ್ಲಿ ಉಳಿ, ಸುತ್ತಿಗೆ. ಗೋಡೆಗೆ ಒರಗಿಸಿ ಒಂದು ಹಾರೆ. ನೋಡಿದವರು ಪ್ರದರ್ಶನಕ್ಕೆ ತಂದಿದ್ದಾನೆ ಅಂದುಕೊಂಡರು. ತರುವಾಗ ಅವನೂ ತನಗೆ ಹಾಗೇ ಹೇಳಿಕೊಂಡಿದ್ದ.

ಮೇಷ್ಟರು ಮಾತಾಡಿದರು, ದೋಣಿಯವನು ಹಾಡಿದ, ಜನ ಕೇಕೆ ಹಾಕಿದರು. ಒಂದೊಂದು ಸಮಾಧಿ ದಾಟಿದಂತೆ ಗುಂಪು ಮೂಲೆಯ ಕಡೆ ಸರಿಯಿತು. ಹಿಂದೆ, ಎಲ್ಲರಿಗಿಂತ ಹಿಂದೆ, ಬಟನ್ ಅಕ್ಕ ಬರುತ್ತಿದ್ದಳು. ಬರದೆ ಮನೆಯಲ್ಲಿ ಕೂತರೆ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿರಬೇಕು ಅವಳಿಗೆ. ಒಳ್ಳೆಯ ಬಟ್ಟೆ ಉಟ್ಟಿದ್ದಳು.

ಸೊಸೆ ಕಲ್ಲಿನ ಪಕ್ಕ ನಿಂತು ಎರಡೂ ಅಂಗೈ ಮೇಲೆತ್ತಿದಳು. "'ಇದೇ ಕೈ!'" ಜನ ಉಸಿರು ಹಿಡಿದರು. "'ಇದೇ ಕೈಯಲ್ಲಿ ಎತ್ತಿಕೊಂಡೆ ಒಂದನ್ನ—'"

"ನಿಲ್ಲಿಸಮ್ಮ," ಎಂದ ಅಜ್ಜ.

ಅವನು ಯಾವಾಗ ಮುಂದೆ ಬಂದನೋ ಯಾರೂ ನೋಡಿರಲಿಲ್ಲ. ಹಾರೆಯನ್ನು ಊರಿಕೊಂಡು ಸೊಸೆಯ ಪಕ್ಕ ನಿಂತಿದ್ದ.

"ಈಕೆ ಏನೂ ಮಾಡಲಿಲ್ಲ. ಮಾಡಿದ್ದು ನಾನು," ಎಂದ. "ಗೋಡೆ ಬಿದ್ದಾಗ ಈ ಕಲ್ಲೂ ಬಿದ್ದಿತ್ತು. ಎತ್ತಿ ನಿಲ್ಲಿಸಿದವನು ನಾನು. ಓಣಿ ಕಡೆ ನಿಂತು ಮಾಡ್ದೆ, ಅವಸರ ಇತ್ತು, ಸಿನಿಮಾಕ್ಕೆ ಹೋಗಬೇಕಿತ್ತು. ಹಿಂದುಮುಂದಾಗಿ ನಿಲ್ಲಿಸ್ದೆ. ಬೆಳಗ್ಗೆನೇ ಗೊತ್ತಾಯ್ತು. ಹೇಳಲಿಲ್ಲ. ಅಪ್ಪ ಕೇಳಿದ, ಸುಳ್ಳು ಹೇಳ್ದೆ. ಇವರಮ್ಮ ಬಂದು ಕೇಳಿದ್ರು, ಕಮಿಟಿ ಹೇಳಿತು ಅಂತ ಸುಳ್ಳು ಹೇಳ್ದೆ. ಜನಕ್ಕೆ ಮುಖ ತೋರಿಸೋ ಹಾಗಿರಲಿಲ್ಲ ಅಂತ ಹೇಳ್ತೀರಲ್ಲ, ಆ ಮಾತು ನಂದು. ಚಹಾದಂಗಡಿಯಲ್ಲಿ ಕೂತು ನಾನೇ ಹುಟ್ಟಿಸಿದ್ದು. ಮುಖ ತೋರಿಸೋ ಹಾಗಿಲ್ಲದವನು ನಾನು."

 ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಇನ್ನೊಬ್ಬರು. ನೋಡನೋಡುತ್ತಿದ್ದಂತೆ ಇನ್ನೂರು ಜನ ಚಪ್ಪಾಳೆ ತಟ್ಟುತ್ತಿದ್ದರು. ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡು "ಭಲೇ ಅಜ್ಜ, ಏನು ಆ್ಯಕ್ಟಿಂಗು!" ಎಂದ. ಮೇಡಂ ಕಿವಿಯ ಹತ್ತಿರ ಬಂದು, "ಮೊದಲೇ ಹೇಳೋದಲ್ವಾ, ನಿಮಗೇ ಒಂದು ಪಾತ್ರ ಕೊಡ್ತಿದ್ದೆ," ಎಂದರು.

ಅಜ್ಜನ ಮುಖಕ್ಕೆ ಯಾರೋ ಕೆಸರು ಎರಚಿದ ಹಾಗಾಯಿತು. ನಲವತ್ತಾರು ವರ್ಷ ಹೊತ್ತದ್ದನ್ನು ಇಳಿಸಿದರೆ ಇವರಿಗೆ ನಾಟಕ! ಇನ್ನೊಂದು ಗಳಿಗೆ ಸುಮ್ಮನಿದ್ದರೆ ಹಾಗೇ ಬಚಾವಾಗಿಬಿಡಬಹುದು ಎಂಬ ಯೋಚನೆಯೂ ಸುಳಿಯಿತು, ಸುಳಿದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಚಪ್ಪಾಳೆ ಯಾಕ್ರಯ್ಯಾ ತಟ್ತೀರಾ!" ಎಂದು ಗದರಿದ. "ಮಾನ ಹೋಗ್ತಿರೋದು ಕಾಣಲ್ವಾ ನಿಮಗೆ?"

ಚಪ್ಪಾಳೆ ನಿಂತಿತು. ಅಜ್ಜ ಮಂಡಿಯೂರಿ, ಚೀಲದಿಂದ ಉಳಿ ತೆಗೆದು, ಕಲ್ಲಿನ ಬುಡದ ಸಿಮೆಂಟಿಗೆ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಸೊಸೆ "ಮಾವ!" ಎಂದಳು. ಅವನು ತಿರುಗಿ ನೋಡಲಿಲ್ಲ. ಅವಳು ಒಂದು ಕ್ಷಣ ನಿಂತು ಅವನ ಬೋಳುತಲೆಯನ್ನೇ ನೋಡಿದಳು. ಆಮೇಲೆ ತಲೆವಸ್ತ್ರ ಬಿಚ್ಚಿ, ಒದರಿ, ಕಲ್ಲಿನ ಅಂಚಿಗೆ ಸುತ್ತಿ, ಹಾರೆ ತಾಗಿ ಚಕ್ಕೆ ಏಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಖ ಮಾತ್ರ ಆ ಕಡೆ ತಿರುಗಿಸಿದ್ದಳು.

ಒಡೆದರೆ ಕಲ್ಲು ಬಿರುಕು ಬಿಡುತ್ತದೆ, ದಿನಗಟ್ಟಲೆಯ ಕೆಲಸ, ಆಗದ ಮಾತು. ಇಷ್ಟು ವರ್ಷ ಅಜ್ಜ ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಅವಸರದಲ್ಲಿ ಕಲಸಿದ ಸಿಮೆಂಟು ಅದು, ಮರಳು ಜಾಸ್ತಿ. ಹಳೇ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿ ಉದುರಿತು. ಸುತ್ತಲೂ ಬಿಡಿಸಿ ಹಾರೆ ಹಾಕಿ ಮೀಟಿದ. ಕಲ್ಲು ಕುಳಿಯಲ್ಲಿ ಸಲೀಸಾಗಿ ಅಲುಗಿತು. ಕಂಡಕ್ಟರ್, ಔಷಧಿ ಅಂಗಡಿಯವನು, ಇನ್ನಿಬ್ಬರು ಬಂದು ಕೈಕೊಟ್ಟರು. ಎತ್ತಿದರು, ತಿರುಗಿಸಿದರು, ಇಳಿಸಿದರು. ಒಂದು ಬಿರುಕಿಲ್ಲ.

ಪಾಚಿ ದಪ್ಪಗಿತ್ತು. ಅಜ್ಜ ತನ್ನ ಕೋಟು ಬಿಚ್ಚಿ ಒರೆಸಲು ಹೋದ. ಬಟನ್ ಅಕ್ಕ ಗುಂಪನ್ನು ಸೀಳಿಕೊಂಡು ಮುಂದೆ ಬಂದಿದ್ದಳು. "ನೀವು ಬಿಡಿ," ಎಂದು ಅವನನ್ನು ಸರಿಸಿ, ಬರಿಗೈಯಲ್ಲೇ ಉಜ್ಜತೊಡಗಿದಳು. ಮೇಡಂ ನೀರಿನ ಬಾಟಲಿ ಕೊಟ್ಟರು. ಮೊದಲು ಕಂಡದ್ದು ಹೆಸರು. ಅದನ್ನು ಎರಡು ಸಲ ಓದಿದಳು, ಊರಿನವರು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಕೆಳಗೆ ಮೂರು ಸಾಲು.

"'ನಮ್ಮನ್ನು ಮೊದಲು ಎತ್ತಿಕೊಂಡ ಕೈಗಳು ಇಲ್ಲಿ ವಿಶ್ರಮಿಸಿವೆ,'" ಎಂದು ಓದಿದಳು. ಅಕ್ಷರಕ್ಕೊಂದು ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ. "'ಈ ಕಲ್ಲನ್ನು ನಿಲ್ಲಿಸಿದವರು ಆಕೆಯ ಕೈಯಲ್ಲಿ ಹುಟ್ಟಿದ ಮುನ್ನೂರ ಹನ್ನೆರಡು ಮಕ್ಕಳು.'"

ಗುಂಪಿನಲ್ಲಿ ತಲೆಗಳು ಒಂದೊಂದಾಗಿ ಬಗ್ಗಿದವು. ಮುನ್ನೂರ ಹನ್ನೆರಡು ಎಂದರೆ ಆಗಿನ ಕಾಲಕ್ಕೆ ಅರ್ಧ ಊರು. ಅಲ್ಲಿ ನಿಂತವರ ಅಜ್ಜ ಅಜ್ಜಿಯರೇ. ಔಷಧಿ ಅಂಗಡಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೇಡಂ ತಮ್ಮ ಕೈಯಲ್ಲಿದ್ದ, ಪಾತ್ರಗಳ ಮಾತು ಬರೆದ ಕಾಗದದ ಕಟ್ಟನ್ನು ನಾಲ್ಕಾಗಿ ಮಡಿಸಿ ಚೀಲದೊಳಗೆ ತುರುಕಿದರು.

ಅಜ್ಜ ಕೋಟು ಕೈಯಲ್ಲಿ ಹಿಡಿದು ನಿಂತಿದ್ದ. ಬೈಯಲಿ, ಉಗಿಯಲಿ, ಕೆನ್ನೆಗೆ ಬಾರಿಸಲಿ, ಎಲ್ಲದಕ್ಕೂ ಸಿದ್ಧನಾಗಿದ್ದ. "ತಾಯಿ," ಎಂದ.

ಬಟನ್ ಅಕ್ಕ ಎದ್ದು ನಿಂತಳು. ಅವಳ ಕೈಯೆಲ್ಲ ಹಸಿರು. ಅವಳು ಅಜ್ಜನನ್ನು ನೋಡಲಿಲ್ಲ, ಬುಡದಲ್ಲಿ ಬಿದ್ದಿದ್ದ ಸಿಮೆಂಟಿನ ಪುಡಿಯನ್ನು ನೋಡಿದಳು.

"ಎಷ್ಟು ಹೊತ್ತು ಹಿಡೀತು ಮೇಡಂ?" ಎಂದು ಕೇಳಿದಳು.

ಮೇಡಂ ಗಡಿಯಾರ ನೋಡಿಕೊಂಡರು. "ಇಪ್ಪತ್ತು ನಿಮಿಷ ಆಗಿರಬೇಕು."

"ಇಪ್ಪತ್ತು ನಿಮಿಷ," ಎಂದಳು ಬಟನ್ ಅಕ್ಕ. ಈಗ ಅಜ್ಜನ ಕಡೆ ತಿರುಗಿದಳು. ಕೋಪವೇನೂ ಇರಲಿಲ್ಲ ಆ ಮುಖದಲ್ಲಿ, ಇದ್ದಿದ್ದರೆ ಅವನು ತಡೆದುಕೊಳ್ಳಬಹುದಾಗಿತ್ತು. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಇಷ್ಟೇನಾ ಅಣ್ಣ? ಅಮ್ಮ ನಿಮ್ಮ ಶೆಡ್ಡಿಗೆ ಬಂದು ಕೇಳಿದ್ಲಲ್ಲ, ಆವತ್ತೇ ಎದ್ದು ಬಂದಿದ್ರೆ ಅವಳು ಇಲ್ಲೇ ನಿಂತು ನೋಡ್ಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡ್ತಿದ್ಲಲ್ಲ."

 ಅಜ್ಜ ಮತ್ತೆ ಮಂಡಿಯೂರಿದ. ತನ್ನ ಹಳೇ ಸಿಮೆಂಟಿನ ಪುಡಿಯನ್ನು ಎರಡೂ ಕೈಯಲ್ಲಿ ಬಳಿದು ಬಳಿದು ಕೋಟಿನೊಳಗೆ ತುಂಬಿಕೊಳ್ಳತೊಡಗಿದ. ಜನ ಒಬ್ಬೊಬ್ಬರೇ ಸದ್ದಿಲ್ಲದೆ ಗೇಟಿನ ಕಡೆ ಹೊರಟರು. ಕೊನೆಯ ಹರಳನ್ನು ಹೆಕ್ಕಿದ ಮೇಲೂ ಅವನು ತಲೆಯೆತ್ತಲಿಲ್ಲ.